ಒದೆತಕ್ಕೆ ಜಾಗ ಮಾಡಿಕೊಟ್ಟ ಪಿಸ್ತೂಲು: ಫೈನ್‌ವೆರ್ಕ್‌ಬೌ 65 ಮತ್ತು ಅದರ ಹಿಂದುಮುಂದು

(ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಶೂಟಿಂಗ್ ಆಸಕ್ತರಿಗೂ ನೀಡಿದ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಇಂದು ನಾನು ಮಾತನಾಡಲಿರುವ, ಗಾಳಿಯ ಒತ್ತಡದಿಂದ ಹಾರಿಸುವ ಫೈನ್‌ವೆರ್ಕ್‌ಬೌ 65 ಪಿಸ್ತೂಲಿನಿಂದ ಹೊರಡುವುದು ಸುಮಾರು ಅರ್ಧ ಗ್ರಾಂ ತೂಕದ, 4.5 ಮಿಲಿಮೀಟರ್ ವ್ಯಾಸದ ಸೀಸದ ಪೆಲೆಟ್. ಅದು ಹೋಗಿ ತಾಗಬೇಕಾದದ್ದು ಹತ್ತು ಮೀಟರ್ ಆಚೆ ಇರುವ ಒಂದು ಕಾಗದಕ್ಕೆ. ಇಷ್ಟು ಚಿಕ್ಕ ಕೆಲಸಕ್ಕಾಗಿ ಜರ್ಮನಿಯ ಎರಡು ಮೂರು ಊರುಗಳ ಯಂತ್ರಶಿಲ್ಪಿಗಳು ಅರ್ಧ ಶತಮಾನ ತಲೆ ಕೆಡಿಸಿಕೊಂಡರು ಎಂದರೆ ಕೇಳಿದವರಿಗೆ ಸ್ವಲ್ಪ ಅತಿಯೆನಿಸಬಹುದು. ಆದ್ದರಿಂದ ಪಿಸ್ತೂಲಿನ ಕಥೆಗೆ ಹೋಗುವ ಮೊದಲು ಆ ಕಾಗದದ ಲೆಕ್ಕವನ್ನು ನೋಡೋಣ.

ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲ್ ಗುರಿಹಾಳೆಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಪೆಲೆಟ್‌ನ ಅಂಚು ಆ ವೃತ್ತವನ್ನು ಸವರಿದರೂ ಹತ್ತು ಅಂಕ ಸಿಗುವುದರಿಂದ, ಪೆಲೆಟ್‌ನ ನಡುಬಿಂದು ಗುರಿಯ ನಡುಬಿಂದುವಿನಿಂದ ಹೆಚ್ಚೆಂದರೆ 8 ಮಿಲಿಮೀಟರ್ ಆಚೀಚೆ ಇರಬಹುದು. ಗುರಿ ಹೊಂದಿಸಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವಿನ ಅಂತರ 350 ಮಿಲಿಮೀಟರ್ ಎಂದು ಇಟ್ಟುಕೊಂಡರೆ, ಗುರಿಯ ಮೇಲಿನ ಆ 8 ಮಿಲಿಮೀಟರ್ ಸೈಟ್‌ಗಳ ಬಳಿ 0.28 ಮಿಲಿಮೀಟರ್ ಆಗುತ್ತದೆ. ತಲೆಗೂದಲೊಂದರ ದಪ್ಪ ಸುಮಾರು 0.07 ಮಿಲಿಮೀಟರ್, ಹಾಗಾಗಿ ನಾಲ್ಕು ಕೂದಲುಗಳನ್ನು ಒತ್ತೊತ್ತಾಗಿ ಇಟ್ಟರೆ ಎಷ್ಟಾಗುತ್ತದೋ ಅಷ್ಟು ಮುಂದಿನ ಸೈಟ್ ಪಕ್ಕಕ್ಕೆ ಸರಿದರೆ ಹತ್ತು ಅಂಕ ಕೈತಪ್ಪಿತು. ಇದೆಲ್ಲವನ್ನೂ ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ, ಚಾಚಿದ ಒಂದೇ ಕೈಯಲ್ಲಿ ಮಾಡಬೇಕು.

ಕೈ ನಡುಗುತ್ತದೆ, ಅದು ಶೂಟರ್‌ನ ಸಮಸ್ಯೆ, ಅಭ್ಯಾಸದಿಂದ ಕಡಿಮೆಯಾಗುತ್ತದೆ. ಆದರೆ ಪಿಸ್ತೂಲೇ ನಡುಗಿದರೆ? ಟ್ರಿಗರ್ ಬಿಟ್ಟುಕೊಟ್ಟ ಕ್ಷಣಕ್ಕೂ ಪೆಲೆಟ್ ನಳಿಕೆಯ ಬಾಯಿ ದಾಟುವ ಕ್ಷಣಕ್ಕೂ ನಡುವೆ ಸ್ಪ್ರಿಂಗಿನ ಬಲದಿಂದ ಗಾಳಿಯನ್ನು ಅದುಮುವ ಪಿಸ್ತೂಲಿನಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನ ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಶೂಟರ್ ಏನನ್ನೂ ತಿದ್ದಲಾರ. ಆಗ ಏನು ನಡೆಯುತ್ತದೆ ಎಂಬುದು ಸಂಪೂರ್ಣವಾಗಿ ಪಿಸ್ತೂಲು ಮಾಡಿದವನ ಹೊಣೆ. ಈ ಹೊಣೆಯನ್ನು ಜರ್ಮನ್ ತಯಾರಕರು ಹೇಗೆ ಹೊತ್ತರು ಎಂಬುದೇ ನನ್ನ ಇಂದಿನ ವಿಷಯ.

ಗುರಿ ಪಿಸ್ತೂಲುಗಳಲ್ಲಿ ಜರ್ಮನಿಯ ಹೆಸರು ಏರ್‌ಗನ್‌ಗಳಿಂದ ಶುರುವಾದದ್ದಲ್ಲ. ತೂರಿಂಗಿಯಾ ಪ್ರಾಂತದ ಟ್ಸೆಲ್ಲಾ-ಮೇಲಿಸ್ ಎಂಬ ಸಣ್ಣ ಊರಿನಲ್ಲಿದ್ದ ವಾಲ್ಟರ್ ಕಾರ್ಖಾನೆಯ .22 ಬೋರ್‌ನ ಒಲಿಂಪಿಯಾ ಪಿಸ್ತೂಲು 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹೆಸರು ಮಾಡಿತ್ತು. ಆ ವರ್ಷ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಜರ್ಮನಿಯ ಕಾರ್ನೇಲಿಯಸ್ ಫಾನ್ ಓಯೆನ್ ಚಿನ್ನವನ್ನೂ ಹೈನ್ಸ್ ಹಾಕ್ಸ್ ಬೆಳ್ಳಿಯನ್ನೂ ಗೆದ್ದರು. 1945ರಲ್ಲಿ ಯುದ್ಧ ಮುಗಿದಾಗ ತೂರಿಂಗಿಯಾ ಸೋವಿಯತ್ ವಲಯಕ್ಕೆ ಸೇರಿತು, ವಾಲ್ಟರ್ ಕುಟುಂಬ ಕಾರ್ಖಾನೆಯನ್ನು ಕಳೆದುಕೊಂಡು ಪಶ್ಚಿಮಕ್ಕೆ ಬಂತು. ಒಲಿಂಪಿಯಾ ಪಿಸ್ತೂಲಿನ ಮುಂದಿನ ಬದುಕು ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ, ಹೆಮ್ಮರ್ಲಿ ಕಂಪನಿಯ ಪರವಾನಗಿ ತಯಾರಿಕೆಯಾಗಿ. ಅದೊಂದು ಬೇರೆಯೇ ಕವಲು, ಇಲ್ಲಿಗೇ ಬಿಡುತ್ತೇನೆ.

ಸೋತ ಜರ್ಮನಿಯಲ್ಲಿ ಮಿತ್ರರಾಷ್ಟ್ರಗಳು ಬಂದೂಕು ತಯಾರಿಕೆಯನ್ನು ನಿಷೇಧಿಸಿದ್ದವು. ನೆಕಾರ್ ನದಿಯ ದಂಡೆಯ ಓಬರ್ನ್‌ಡಾರ್ಫ್‌ನಲ್ಲಿದ್ದ ಪ್ರಸಿದ್ಧ ಮೌಸರ್ ಬಂದೂಕು ಕಾರ್ಖಾನೆ ಫ್ರೆಂಚ್ ವಲಯಕ್ಕೆ ಬಿತ್ತು, ಫ್ರೆಂಚರು ಅದನ್ನು ಕಳಚಿಹಾಕಿದರು. ಮಿಲಿಮೀಟರಿನ ಸಾವಿರನೇ ಒಂದು ಭಾಗದ ಲೆಕ್ಕದಲ್ಲಿ ಲೋಹ ಕೊರೆಯಬಲ್ಲ ಕೈಗಳು ಆ ಊರಿನಲ್ಲಿ ಉಳಿದವು, ಕೊರೆಯಲು ಕೆಲಸ ಉಳಿಯಲಿಲ್ಲ. ಆ ಕೈಗಳಲ್ಲಿ ಕೆಲವು ಸೇರಿ ಹೆಕ್ಲರ್ ಆ್ಯಂಡ್ ಕೋಖ್ ಎಂಬ ಕಂಪನಿ ಆಯಿತು. ಮೌಸರ್‌ನಲ್ಲೇ ಇಂಜಿನಿಯರುಗಳಾಗಿದ್ದ ಕಾರ್ಲ್ ವೆಸ್ಟಿಂಗರ್ ಮತ್ತು ಅರ್ನ್‌ಸ್ಟ್ ಆಲ್ಟೆನ್‌ಬರ್ಗರ್ ಎಂಬ ಇನ್ನಿಬ್ಬರು ಸೇರಿ ಕಟ್ಟಿದ್ದು ಫೈನ್‌ವೆರ್ಕ್‌ಬೌ. ಆ ಹೆಸರಿನ ಅರ್ಥ ‘ನವಿರು ಯಂತ್ರಗಳ ನಿರ್ಮಾಣ’ ಎಂದಷ್ಟೇ. ಹೆಸರಿನಲ್ಲಿ ಬಂದೂಕು ಇಲ್ಲ. ಶುರುವಿನಲ್ಲಿ ಕೆಲಸದಲ್ಲೂ ಇರಲಿಲ್ಲ.

ಏರ್‌ಗನ್‌ಗಳಿಗೆ ಅನುಮತಿ ಮೊದಲು ಸಿಕ್ಕಿತು, ಮತ್ತು ಅವುಗಳಿಗೆ ಗಿರಾಕಿಗಳು ಸಿದ್ಧವಾಗಿಯೇ ಇದ್ದರು. ಜರ್ಮನಿಯ ಹಳ್ಳಿಹಳ್ಳಿಯಲ್ಲಿ ಶತಮಾನಗಳಿಂದ ಗುರಿಕಾರರ ಸಂಘಗಳಿವೆ. ಅವುಗಳ ಒಕ್ಕೂಟ ಗೋಥಾ ನಗರದಲ್ಲಿ 1861ರಲ್ಲೇ ಹುಟ್ಟಿ, ಯುದ್ಧಾನಂತರ 1951ರಲ್ಲಿ ಮತ್ತೆ ತಲೆಯೆತ್ತಿತು. ಹತ್ತು ಮೀಟರ್ ಉದ್ದದ ಕೋಣೆ ಊರಿನ ಯಾವ ಸಮುದಾಯ ಭವನದಲ್ಲೂ ಸಿಗುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಚಳಿಗಾಲದ ಸಂಜೆ ಒಳಗೇ ಕೂತು ಸ್ಪರ್ಧೆ ನಡೆಸಬಹುದು. ಬಂದೂಕಿನ ನಿಷೇಧವೇ ಏರ್‌ಗನ್ನನ್ನು ಮಕ್ಕಳ ಆಟಿಕೆಯ ಸ್ಥಾನದಿಂದ ದೊಡ್ಡವರ ಕ್ರೀಡೆಯ ಸ್ಥಾನಕ್ಕೆ ತಳ್ಳಿತು ಎಂದು ನಾನು ತಿಳಿದಿದ್ದೇನೆ.

ಉಲ್ಮ್ ನಗರದಲ್ಲಿ ಮತ್ತೆ ನೆಲೆ ಕಂಡ ವಾಲ್ಟರ್ ಕಂಪನಿ 1953ರ ಹೊತ್ತಿಗೆ ಎಲ್‌ಪಿ 53 ಎಂಬ ಏರ್ ಪಿಸ್ತೂಲನ್ನು ತಂದಿತು. ನೋಡಲು ಅದು ಹಳೆಯ ಒಲಿಂಪಿಯಾದ ತಮ್ಮನಂತೆಯೇ ಇತ್ತು. ಉದ್ದನೆಯ ನಳಿಕೆಯನ್ನು ಬಗ್ಗಿಸಿದರೆ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ; ಆ ಸ್ಪ್ರಿಂಗೂ ಪಿಸ್ಟನ್ನೂ ಇರುವುದು ಕೈಹಿಡಿಯ ಒಳಗೆ. ನಿಮಗೆಲ್ಲ ಈ ಪಿಸ್ತೂಲಿನ ಪರಿಚಯ ಗೊತ್ತಿಲ್ಲದೆಯೇ ಆಗಿದೆ. ಜೇಮ್ಸ್ ಬಾಂಡ್ ಪಾತ್ರದ ಶಾನ್ ಕಾನರಿ ಉದ್ದನೆಯ ಪಿಸ್ತೂಲನ್ನು ಕೆನ್ನೆಯ ಬಳಿ ಹಿಡಿದು ನಿಂತ ಪ್ರಚಾರಚಿತ್ರದಲ್ಲಿರುವುದು ಇದೇ. ಫೋಟೊ ತೆಗೆಯುವ ದಿನ ಬಾಂಡ್‌ನ ನಿಜವಾದ ಪಿಸ್ತೂಲನ್ನು ತರಲು ಮರೆತರೆಂದು ಛಾಯಾಗ್ರಾಹಕ ಡೇವಿಡ್ ಹರ್ನ್ ತನ್ನದೇ ಏರ್ ಪಿಸ್ತೂಲನ್ನು ಕೊಟ್ಟಿದ್ದ. ಲೋಕದ ಅತ್ಯಂತ ಅಪಾಯಕಾರಿ ಗೂಢಚಾರನ ಕೈಯಲ್ಲಿ ಕಾಗದ ತೂತು ಮಾಡುವ ಪಿಸ್ತೂಲು! ಅದೇ ಪಿಸ್ತೂಲು 2010ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 2,77,250 ಪೌಂಡಿಗೆ ಹೋಯಿತು.

ಬೆಲೆಯ ಮಾತು ಬಿಟ್ಟು ಯಂತ್ರದ ಮಾತಿಗೆ ಬಂದರೆ, ಎಲ್‌ಪಿ 53 ಒದೆಯುತ್ತಿತ್ತು. ಇಲ್ಲಿ ಸ್ಪ್ರಿಂಗ್ ಏರ್‌ಗನ್ನಿನ ಒದೆತ ಮದ್ದುಗುಂಡಿನ ಕೋವಿಯ ಒದೆತಕ್ಕಿಂತ ಹೇಗೆ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕು. ಕೋವಿಯಲ್ಲಿ ಕುದುರೆ ಬಿದ್ದು ಮದ್ದು ಹೊತ್ತಿದರೆ ಗುಂಡು ಮುಂದೆ, ಕೋವಿ ಹಿಂದೆ, ಒಂದೇ ಒದೆತ. ಸ್ಪ್ರಿಂಗ್ ಏರ್‌ಗನ್ನಿನಲ್ಲಿ ಪೆಲೆಟ್‌ಗಿಂತ ಎಷ್ಟೋ ಪಟ್ಟು ತೂಕದ ಪಿಸ್ಟನ್ ಮೊದಲು ಓಡುತ್ತದೆ. ಅದು ಹೊರಟಾಗ ಪಿಸ್ತೂಲಿನ ಮೈ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಪಿಸ್ಟನ್ ಸಿಲಿಂಡರಿನ ಕೊನೆ ತಲುಪಿ ಗಕ್ಕನೆ ನಿಂತಾಗ ಮೈ ಇತ್ತ ಜಗ್ಗುತ್ತದೆ. ಗಾಳಿಯ ಒತ್ತಡ ಸಾಕಷ್ಟು ಏರಿ ಪೆಲೆಟ್ ಚಲಿಸತೊಡಗುವುದು ಪಿಸ್ಟನ್ನಿನ ಓಟ ಮುಗಿಯುತ್ತ ಬಂದಾಗ. ಅಂದರೆ ಪೆಲೆಟ್ ಇನ್ನೂ ನಳಿಕೆಯೊಳಗೆ ಇರುವಾಗಲೇ ಪಿಸ್ತೂಲು ಒಮ್ಮೆ ಅತ್ತ, ಒಮ್ಮೆ ಇತ್ತ ಕುಲುಕಿರುತ್ತದೆ. ಎಲ್‌ಪಿ 53ರಲ್ಲಿ ಪಿಸ್ಟನ್ ಓಡುವುದು ನಳಿಕೆಯ ನೇರಕ್ಕಲ್ಲ, ಹಿಡಿಯ ಓರೆಯಲ್ಲಿ. ಆದ್ದರಿಂದ ಕುಲುಕಾಟವೂ ನಳಿಕೆಯ ನೇರ ತಪ್ಪುತ್ತಿತ್ತು.

ಇದಕ್ಕೆ ಮೊದಲ ಗಂಭೀರ ಉತ್ತರ ಬಂದದ್ದು ರಾಸ್ಟಾಟ್ ನಗರದ ಮಾಯರ್ ಆ್ಯಂಡ್ ಗ್ರಾಮೆಲ್‌ಷ್ಪಾಖರ್ ಕಂಪನಿಯಿಂದ. ನಮ್ಮವರಿಗೆ ಅದು ಡಯಾನಾ ಎಂಬ ಮುದ್ರೆಯ ಹೆಸರಿನಿಂದ ಗೊತ್ತು. ಕುರ್ಟ್ ಗಿಸ್ ಎಂಬವರ ಹೆಸರಿನಲ್ಲಿ ಪ್ರಸಿದ್ಧವಾದ ಆ ಏರ್ಪಾಟಿನಲ್ಲಿ ಪಿಸ್ಟನ್‌ಗಳು ಎರಡು. ಒಂದು ಮುಂದಕ್ಕೆ ಓಡಿ ಗಾಳಿಯನ್ನು ಅದುಮುತ್ತದೆ, ಇನ್ನೊಂದು ಅದೇ ಹೊತ್ತಿಗೆ ಹಿಂದಕ್ಕೆ ಓಡಿ ಮೊದಲನೆಯದರ ಒದೆತವನ್ನು ಹೊಡೆದುಹಾಕುತ್ತದೆ. ಎರಡೂ ಹಲ್ಲುಪಟ್ಟಿ ಮತ್ತು ಪುಟ್ಟ ಹಲ್ಲುಗಾಲಿಯ ಮೂಲಕ ಒಂದಕ್ಕೊಂದು ಕಟ್ಟುಬಿದ್ದಿವೆ. 1960ರ ಆಸುಪಾಸಿನಲ್ಲಿ ಬಂದ ಡಯಾನಾ 6 ಪಿಸ್ತೂಲಿನಲ್ಲೂ, ಎಪ್ಪತ್ತರ ದಶಕದ ಡಯಾನಾ 10ರಲ್ಲೂ ಇರುವುದು ಇದೇ. ಬುದ್ಧಿವಂತಿಕೆಯ ದೃಷ್ಟಿಯಿಂದ ಇಡೀ ಕಥೆಯಲ್ಲಿ ಇದಕ್ಕೇ ಮೊದಲ ಬಹುಮಾನ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಿಚ್ಚಿ ಕೂಡಿಸುವಾಗ ಹಲ್ಲಿಗೆ ಹಲ್ಲು ಸರಿಯಾಗಿ ಕೂರಬೇಕು, ಒಂದು ಹಲ್ಲು ಆಚೀಚೆಯಾದರೂ ಎರಡು ಪಿಸ್ಟನ್‌ಗಳ ತಾಳ ತಪ್ಪುತ್ತದೆ. ರಿಪೇರಿ ಮಾಡುವವನ ಶಾಪಕ್ಕೆ ಗುರಿಯಾದ ಯಂತ್ರಗಳಲ್ಲಿ ಇದೂ ಒಂದು.

ಓಬರ್ನ್‌ಡಾರ್ಫ್‌ನ ಫೈನ್‌ವೆರ್ಕ್‌ಬೌನವರು ಹಿಡಿದ ದಾರಿ ಇದಕ್ಕಿಂತ ಸರಳ. ಮೊದಲು ರೈಫಲ್‌ನಲ್ಲಿ ಪ್ರಯೋಗಿಸಿ ಗೆದ್ದು, 1965ರಲ್ಲಿ ಅದನ್ನು ಪಿಸ್ತೂಲಿಗೆ ತಂದರು. ಮಾದರಿಯ ಹೆಸರು 65 ಆದದ್ದು ಹಾಗೆ. ಅವರು ಒದೆತವನ್ನು ಹೊಡೆದುಹಾಕಲು ಹೋಗಲೇ ಇಲ್ಲ, ಅದಕ್ಕೆ ಓಡಾಡಲು ಸ್ವಲ್ಪ ಜಾಗ ಮಾಡಿಕೊಟ್ಟರು.

ದೋಣಿಯಲ್ಲಿ ಓಡಾಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ನಿಂತ ನೀರಿನ ಮೇಲಿರುವ ದೋಣಿಯ ಹಿಂದಿನ ತುದಿಯಿಂದ ಮುಂದಿನ ತುದಿಗೆ ನೀವು ನಡೆದರೆ ದೋಣಿ ನಿಮ್ಮ ಕಾಲಡಿಯಲ್ಲಿ ಹಿಂದಕ್ಕೆ ಸರಿಯುತ್ತದೆ. ನೀವು ನಿಂತಾಗ ಅದೂ ನಿಲ್ಲುತ್ತದೆ. ದಡದಲ್ಲಿ ನಿಂತವನಿಗೆ ಯಾವ ಧಕ್ಕೆಯೂ ತಾಗುವುದಿಲ್ಲ. ಈಗ ನೀವೇ ಪಿಸ್ಟನ್ ಎಂದುಕೊಳ್ಳಿ. ನಳಿಕೆ, ಸಿಲಿಂಡರ್, ಎರಡೂ ಸೈಟ್‌ಗಳು ಸೇರಿದ ಪಿಸ್ತೂಲಿನ ಮೇಲ್ಭಾಗವೆಲ್ಲ ದೋಣಿ. ಶೂಟರ್‌ನ ಕೈಯಲ್ಲಿರುವ ಹಿಡಿ ಮತ್ತು ಅದರ ಚೌಕಟ್ಟು ದಡ. ದೋಣಿಗೂ ದಡಕ್ಕೂ ನಡುವಿನ ನೀರಿನ ಸ್ಥಾನದಲ್ಲಿ ನಯವಾದ ಉಕ್ಕಿನ ಹಳಿಗಳಿವೆ. ಟ್ರಿಗರ್ ಎಳೆಯುವವರೆಗೆ ಮೇಲ್ಭಾಗವನ್ನು ಒಂದು ಕೊಕ್ಕೆ ಹಿಡಿದಿರುತ್ತದೆ; ಟ್ರಿಗರ್ ಬಿಟ್ಟಾಗ ಪಿಸ್ಟನ್ನಿನ ಜತೆಗೆ ಈ ಕೊಕ್ಕೆಯೂ ಬಿಡುತ್ತದೆ. ಪಿಸ್ಟನ್ ಮುಂದೆ ಓಡಿದಂತೆ ಮೇಲ್ಭಾಗ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಪಿಸ್ಟನ್ ನಿಂತಾಗ ಹೆಚ್ಚುಕಡಿಮೆ ತಾನೂ ನಿಲ್ಲುತ್ತದೆ. ಪಿಸ್ಟನ್ನಿನ ತೂಕ ಮೇಲ್ಭಾಗದ ಹತ್ತನೇ ಒಂದು ಪಾಲಿದ್ದು, ಅದರೊಳಗೆ ಅದು 50 ಮಿಲಿಮೀಟರ್ ಓಡಿತೆಂದು ಉದಾಹರಣೆಗೆ ಭಾವಿಸಿದರೆ, ಮೇಲ್ಭಾಗ ಜಾರುವುದು 5 ಮಿಲಿಮೀಟರಿಗಿಂತಲೂ ಸ್ವಲ್ಪ ಕಡಿಮೆ. ಕೈಗೆ ತಲುಪುವುದು ಹಳಿಯ ಘರ್ಷಣೆಯಷ್ಟೇ.

ಸೈಟ್‌ಗಳು ನಳಿಕೆಯ ಜತೆಗೇ ಜಾರುತ್ತವೆ, ಮತ್ತು ಜಾರುವುದು ನಳಿಕೆಯ ನೇರಕ್ಕೆ. ಪಿಸ್ತೂಲು ಗುರಿಯಿಂದ ಕೆಲವು ಮಿಲಿಮೀಟರ್ ದೂರ ಸರಿಯುತ್ತದೆ, ನೋಡುವ ದಿಕ್ಕು ಬದಲಾಗುವುದಿಲ್ಲ. ಸೈಟ್ ನೇರ ತಪ್ಪಿದರೆ ಎಷ್ಟು ಕಷ್ಟ ಎಂದು ಆರಂಭದಲ್ಲಿ ನಾಲ್ಕು ಕೂದಲಿನ ಲೆಕ್ಕದಲ್ಲಿ ನೋಡಿದೆವು. ಹಿಂದೆ ಮುಂದೆ ಸರಿದರೆ ಕಷ್ಟವೇನೂ ಇಲ್ಲ. ಹತ್ತು ಮೀಟರ್ ಎಂಬುದು ಹತ್ತು ಮೀಟರ್ ಐದು ಮಿಲಿಮೀಟರ್ ಆದರೆ ಯಾವ ಅಂಕವೂ ಕಳೆಯುವುದಿಲ್ಲ. ಯಾವ ದಿಕ್ಕಿನ ಚಲನೆ ಕೆಡುಕು, ಯಾವುದು ನಿರುಪದ್ರವಿ ಎಂದು ಬೇರೆ ಮಾಡಿ, ಕೆಡುಕಿನದನ್ನು ನಿರುಪದ್ರವಿಯಾಗಿ ತಿರುಗಿಸಿದ್ದೇ ಈ ವಿನ್ಯಾಸದ ತಿರುಳು ಎಂಬುದು ನನ್ನ ಅಭಿಪ್ರಾಯ.

ಇಂಥ ಹಳೆಯ ಪಿಸ್ತೂಲೊಂದನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗೆ ಒಮ್ಮೆ ಸಿಕ್ಕಿತ್ತು. ಮೇಲ್ಭಾಗ ಮತ್ತು ಚೌಕಟ್ಟು ಸೇರುವ ಜಾಗದಲ್ಲಿ ಪೆನ್ಸಿಲ್ಲಿನಿಂದ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆದು, ಒಂದು ಪೆಲೆಟ್ ಹಾರಿಸಿದೆವು. ಕೈಗೆ ಏನೂ ತಿಳಿಯಲಿಲ್ಲ, ಮರದ ಪೆಟ್ಟಿಗೆಯ ಬಾಗಿಲು ಮುಚ್ಚಿದಂಥ ಒಂದು ಸದ್ದು ಮಾತ್ರ. ಗೆರೆ ನೋಡಿದರೆ ಎರಡು ತುಂಡಾಗಿತ್ತು. ಮೇಲಿನ ತುಂಡು ಹಿಂದಕ್ಕೆ ಸರಿದು ಅಲ್ಲೇ ನಿಂತಿತ್ತು. ಪಕ್ಕದ ಉದ್ದನೆಯ ಸನ್ನೆಯನ್ನು ಎಳೆದು ಮತ್ತೆ ಸ್ಪ್ರಿಂಗ್ ಏರಿಸಿದಾಗ ಕೊಕ್ಕೆ ಟಕ್ಕೆಂದು ಬಿದ್ದು ಎರಡು ತುಂಡು ಗೆರೆ ಮತ್ತೆ ಒಂದಾಯಿತು. ಪಿಸ್ತೂಲಿನ ಮಾಲೀಕರು ಎಪ್ಪತ್ತು ದಾಟಿದವರು, ‘ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ, ಇದು ಜಾರುತ್ತದೆ ಅಂತ ಕಣ್ಣಾರೆ ಕಂಡದ್ದು ಇವತ್ತೇ ನೋಡಿ’ ಅಂದರು. ಗುರಿ ನೋಡುವವನ ಕಣ್ಣು ಮುಂದಿನ ಸೈಟಿನ ಮೇಲಿರುತ್ತದೆ. ಅದು ಅಲುಗಿದಂತೆ ಕಾಣದಿದ್ದರೆ ಉಳಿದದ್ದು ಅವನಿಗೆ ಬೇಕಿಲ್ಲ.

ಟ್ರಿಗರ್ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಏರ್ ಪಿಸ್ತೂಲ್ ಸ್ಪರ್ಧೆಯ ನಿಯಮದಂತೆ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ಪರೀಕ್ಷೆಯ ಮೇಜಿನ ಬಳಿ ನಳಿಕೆಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರಿಗೆ ಅರ್ಧ ಕಿಲೋದ ತೂಕದ ಬಟ್ಟು ತಗುಲಿಸಿ ಮೆಲ್ಲನೆ ಎತ್ತುತ್ತಾರೆ. ಬಟ್ಟು ನೆಲಬಿಟ್ಟು ಎದ್ದ ಮೇಲೂ ಟ್ರಿಗರ್ ಬೀಳದಿದ್ದರೆ ಪಿಸ್ತೂಲು ಪಾಸು. 65ರ ಟ್ರಿಗರನ್ನು ಈ 500 ಗ್ರಾಂನಿಂದ 1360 ಗ್ರಾಂಗೆ ಬದಲಿಸುವ ಏರ್ಪಾಟಿತ್ತು. ಸೆಂಟರ್‌ಫೈರ್ ಎಂಬ ಮದ್ದುಗುಂಡಿನ ಪಿಸ್ತೂಲಿನ ಸ್ಪರ್ಧೆಗೆ ಆಗ ಬೇಕಿದ್ದ ತೂಕ ಅದು. ಇಷ್ಟು ಮಾತ್ರವಲ್ಲ, ಬೇಕೆಂದರೆ ಜಾರುವ ಮೇಲ್ಭಾಗವನ್ನು ಜಾರದಂತೆ ಲಾಕ್ ಮಾಡಿ, ಅಷ್ಟು ಕಷ್ಟಪಟ್ಟು ತೆಗೆದ ಒದೆತವನ್ನು ಮತ್ತೆ ಕೈಗೆ ತಂದುಕೊಳ್ಳಬಹುದಿತ್ತು! ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಚಳಿಗಾಲದಲ್ಲಿ ಮನೆಯೊಳಗೆ ಅಭ್ಯಾಸ ಮಾಡಿ ಬೇಸಿಗೆಯಲ್ಲಿ ಬಯಲಿನ ರೇಂಜಿಗೆ ಮದ್ದುಗುಂಡಿನ ಪಿಸ್ತೂಲು ಹಿಡಿದು ಹೋಗುವ ಜರ್ಮನ್ ಗುರಿಕಾರನನ್ನು ನೆನೆದಾಗ ಅದರ ಅರ್ಥ ಹೊಳೆಯಿತು. ಒದೆತದ ರೂಢಿ ತಪ್ಪಿದ ಕೈ ಅವನಿಗೆ ಬೇಕಿರಲಿಲ್ಲ.

ಸುಮಾರು 1.2 ಕಿಲೋ ತೂಕದ, ಪೆಲೆಟ್ಟನ್ನು ಸೆಕೆಂಡಿಗೆ ಹತ್ತಿರ ಹತ್ತಿರ 140 ಮೀಟರ್ ವೇಗದಲ್ಲಿ ಕಳಿಸುವ ಈ ಪಿಸ್ತೂಲು ಮೂರು ದಶಕಕ್ಕೂ ಹೆಚ್ಚು ಕಾಲ ತಯಾರಾಗುತ್ತಲೇ ಇತ್ತು. ಸಂಗ್ರಾಹಕರಿಗೆ ಉಪಯೋಗವಾಗುವ ಒಂದು ಗುರುತು ಹೇಳುತ್ತೇನೆ. ಜರ್ಮನಿಯಲ್ಲಿ 1970ರಿಂದ ಈಚೆಗೆ, 7.5 ಜೂಲ್ ಮೀರದ ಏರ್‌ಗನ್‌ಗಳ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ‘ಎಫ್’ ಅಕ್ಷರ ಕೆತ್ತುತ್ತಾರೆ. ಈ ಮುದ್ರೆಯಿದ್ದರೆ ಆ ಪಿಸ್ತೂಲು ಅರವತ್ತರ ದಶಕದ್ದಲ್ಲ, ಮಾರುವವರು ಏನೇ ಹೇಳಲಿ. ಆ ಕಾಲದ ಏರ್‌ಗನ್‌ಗಳ ಪ್ಲಾಸ್ಟಿಕ್ ಸೀಲ್‌ಗಳು ಬಳಸದೆ ಇಟ್ಟರೂ ದಶಕಗಳಲ್ಲಿ ಪುಡಿಯಾಗುತ್ತವೆ ಎಂಬುದನ್ನೂ ಕೊಳ್ಳುವ ಮುನ್ನ ನೆನಪಿಡಬೇಕು.

65ರ ನಂತರದ ಮಾದರಿಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಎಪ್ಪತ್ತರ ದಶಕದ ಕೊನೆಗೆ ಬಂದ ಮಾದರಿ 80ರಲ್ಲಿ ಅದೇ ಜಾರುವ ಯಂತ್ರ. ಟ್ರಿಗರನ್ನು ಇನ್ನೂ ಸೂಕ್ಷ್ಮವಾಗಿ ಹೊಂದಿಸಿಕೊಳ್ಳುವ, ನಳಿಕೆಯ ಕೆಳಗೆ ತೂಕ ಸೇರಿಸುವ ಅನುಕೂಲ ಬಂತು. ಎಂಬತ್ತರ ದಶಕದ ಮಾದರಿ 90ರಲ್ಲಿ ಟ್ರಿಗರ್ ವಿದ್ಯುತ್ತಿನದಾಯಿತು. ಅಷ್ಟರಲ್ಲಿ ಬೇರೆ ಕಡೆಯಿಂದ ಒಂದು ಪ್ರಶ್ನೆ ಎದ್ದಿತ್ತು: ಟ್ರಿಗರ್ ಎಳೆದ ಮೇಲೆ ಪಿಸ್ಟನ್ ಓಡುವುದಾದರೂ ಯಾಕೆ? ವಾಲ್ಟರ್ ಕಂಪನಿ ಅರವತ್ತರ ದಶಕದ ಉತ್ತರಾರ್ಧದ ಎಲ್‌ಪಿ 2ರಲ್ಲೂ ಅದರ ಮುಂದಿನ ಎಲ್‌ಪಿ 3ರಲ್ಲೂ ಗಾಳಿಯನ್ನು ಸನ್ನೆಯ ಒಂದೇ ಎಳೆತಕ್ಕೆ ಮೊದಲೇ ಅದುಮಿ ಇಟ್ಟುಬಿಡುತ್ತಿತ್ತು. ಟ್ರಿಗರ್ ತೆರೆಯುವುದು ಒಂದು ವಾಲ್ವ್ ಮಾತ್ರ. ಓಡುವ ಭಾರವೇ ಇಲ್ಲ, ಕಾಲವೂ ಕಡಿಮೆ. ಕೊನೆಗೆ ಫೈನ್‌ವೆರ್ಕ್‌ಬೌ ಕೂಡ ಎಂಬತ್ತರ ದಶಕದ ಅಂತ್ಯದ ಮಾದರಿ 100ರಲ್ಲಿ ಇದೇ ದಾರಿಗೆ ಬಂತು. ಏರ್ ಪಿಸ್ತೂಲ್ ಸ್ಪರ್ಧೆ ಒಲಿಂಪಿಕ್ಸ್‌ಗೆ ಸೇರಿದ್ದು 1988ರಲ್ಲಿ, ಸಿಯೋಲ್‌ನಲ್ಲಿ. ಸ್ಪ್ರಿಂಗಿನ ಕಾಲ ಮುಗಿಯುವುದಕ್ಕೂ ಸ್ಪರ್ಧೆಗೆ ದೊಡ್ಡ ವೇದಿಕೆ ಸಿಗುವುದಕ್ಕೂ ಸರಿಹೋಯಿತು. ಬೆಂಗಳೂರಿನ ಪಿ.ಎನ್. ಪ್ರಕಾಶ್ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆ ಹೊತ್ತಿಗೆ ಸ್ಪ್ರಿಂಗ್ ಪಿಸ್ತೂಲು ದೊಡ್ಡ ಸ್ಪರ್ಧೆಗಳಿಂದ ಮರೆಯಾಗಿ ಬಹಳ ವರ್ಷಗಳಾಗಿದ್ದವು.

ಸ್ಪ್ರಿಂಗನ್ನು ಹಿಂದಿಕ್ಕಿದವುಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರುಗಳೂ ಇದ್ದವು. ಆ ಅನಿಲದ ಒತ್ತಡ ಹವೆಯ ಬಿಸಿಯೊಂದಿಗೆ ಏರಿಳಿಯುವುದರಿಂದ ಅದು ಬಹಳ ದಿನ ನಿಲ್ಲಲಿಲ್ಲ. 200 ಬಾರ್ ಒತ್ತಡದ ಗಾಳಿಯ ಸಿಲಿಂಡರುಗಳು ಅದರ ಜಾಗಕ್ಕೆ ಬಂದವು. ಈಗಿನ ಪಿಸ್ತೂಲಿನಲ್ಲಿ ಸಿಲಿಂಡರ್ ನಳಿಕೆಯ ಕೆಳಗೆ ಮಲಗಿದೆ, ನಳಿಕೆ ಕೈಗೆ ಹತ್ತಿರ ಇಳಿದಿದೆ. ಉಳಿದಿರುವ ಒದೆತವೆಂದರೆ ಅರ್ಧ ಗ್ರಾಂ ಪೆಲೆಟ್ಟಿನದು ಮತ್ತು ಅದರ ಬೆನ್ನಿಗೆ ಹೊರಡುವ ಗಾಳಿಯದು ಮಾತ್ರ. ಪೆಲೆಟ್ಟಿನ ಪಾಲಿನ ಲೆಕ್ಕ ಹಾಕಿದರೆ ಒಂದು ಕಿಲೋ ತೂಕದ ಪಿಸ್ತೂಲಿಗೆ ಅದರಿಂದ ಬರುವ ವೇಗ ಸೆಕೆಂಡಿಗೆ 7 ಸೆಂಟಿಮೀಟರ್.

ಇನ್ನಾದರೂ ಸುಮ್ಮನಾಗಬಹುದಿತ್ತು, ಆಗಲಿಲ್ಲ. ಈಚಿನ ಫೈನ್‌ವೆರ್ಕ್‌ಬೌ ಪಿ44ರಂಥ ಮಾದರಿಗಳ ಒಳಗೆ, ವಾಲ್ವ್ ತೆರೆದ ಕ್ಷಣಕ್ಕೆ ಸರಿಯಾಗಿ ಹಿಂದಕ್ಕೆ ಚಿಮ್ಮುವ ಒಂದು ಸಣ್ಣ ಲೋಹದ ತುಂಡಿದೆ. ಅಬ್ಸಾರ್ಬರ್ ಎಂದು ಅದರ ಹೆಸರು. ಬಂದ ಒದೆತವನ್ನು ತಾನು ಹೊತ್ತು, ಕೈಗೆ ತಲುಪದಂತೆ ಒಳಗೇ ಓಡಾಡುವುದು ಅದರ ಕೆಲಸ. 1965ರಲ್ಲಿ ಇಡೀ ಮೇಲ್ಭಾಗ ಮಾಡುತ್ತಿದ್ದ ಕೆಲಸವನ್ನು ಈಗ ಬೆರಳ ತುದಿಯಷ್ಟು ಲೋಹ ಮಾಡುತ್ತಿದೆ.